ಈಗಲ್ಲ, ಲವಿನಾ ಬಾಯಿ

ನೀವು ಕೇಳುವುದು ಸರಿ.
ಮೂರು ವರ್ಷ ಆಯ್ತು, ಅದೇ ನೀರು.
ಪತ್ರಾವೊ ಮಾಸ್ಟ್ರು ಮುಳುಗಿ ಎದ್ದದ್ದು ಇದರಲ್ಲೇ,
ಸೊಂಟದ ಆಪರೇಶನ್ನಿಗೆ ಮೊದಲೂ, ನಂತರವೂ.
ಬಿಜೈಯ ಎರಡು ಶಾಲೆಯ ಮಕ್ಕಳು
ಕಾಲು ಬಡಿದು ಬಡಿದು ಒಂದು ದಿನ ಫಕ್ಕನೆ ತೇಲಿದ್ದು ಇದರಲ್ಲೇ.
ಉಚ್ಚೆ ಹೊಯ್ದದ್ದೂ. ಹೌದು, ನನಗೆ ಗೊತ್ತುಂಟು,
ನೀರಿಗಿಂತ ಮೊದಲು ಮಕ್ಕಳ ಮುಖ ಹೇಳುತ್ತದೆ.

ನೋಡಲಿಕ್ಕೆ ನೀಲಿಯೇ, ಅಂತೀರಿ.
ಬಾಯಿ, ಆ ನೀಲಿ ಟೈಲಿನದ್ದು.
ದಿನಾ ಬೆಳಿಗ್ಗೆ ಐದಕ್ಕೆ ಹನಿ ಹಾಕಿ ನೋಡ್ತೇನೆ.
ಹಳದಿ ಬರುತ್ತದೆ. ಕ್ಲೋರಿನ್ ಉಂಟು.
ಉಂಟು, ಆದರೆ ಕೆಲಸ ಮಾಡುವುದಿಲ್ಲ.
ಬಿಸಿಲಿಗೆ ಅದು ಹಾರದ ಹಾಗೆ ಹಾಕಿದ ಪುಡಿ
ತಾನೂ ಹಾರದೆ ಕೂತಿದೆ,
ಹೋದ ವರ್ಷದ್ದರ ಮೇಲೆ ಈ ವರ್ಷದ್ದು.
ಫಿಲ್ಟರಿಗೆ ಮಣ್ಣು ಸಿಗುತ್ತದೆ, ಕೂದಲು ಸಿಗುತ್ತದೆ,
ಇದು ಸಿಗುವುದಿಲ್ಲ.
ಮದ್ದಿಗೇ ಮದ್ದು ಬೇಕಾಗುವಾಗ
ನೀರಿಗೆ ವಯಸ್ಸಾಯ್ತು ಅಂತ ಲೆಕ್ಕ.

ಬದಲಿಸಬೇಕು. ನನ್ನ ಮಾತು ಅಂತಲೇ ಬರೆದುಕೊಳ್ಳಿ.
ಆದರೆ ಈಗಲ್ಲ.

ಮೇ ತಿಂಗಳು. ತುಂಬೆಯಲ್ಲಿ ಹೊಳೆ
ದಿನಕ್ಕೊಂದು ಬಂಡೆ ತೋರಿಸುತ್ತಿದೆ.
ಎರಡು ದಿನಕ್ಕೊಮ್ಮೆ ನಳ್ಳಿ, ಅದೂ ರಾತ್ರಿ.
ಕಾಂಪೌಂಡಿನ ಆಚೆ ರೋಹಿಣಿಯಕ್ಕ
ಕೊಡಪಾನ ಇಟ್ಟು ಕಿವಿ ಕೊಟ್ಟು ಕೂತಿರುತ್ತಾರೆ,
ಬರುವುದು ಗಾಳಿಯೋ ನೀರೋ ಅಂತ.
ನಾಲ್ಕೂವರೆ ಲಕ್ಷ ಲೀಟರ್, ಬಾಯಿ.
ಅವರಿಗೆ ಕೇಳುವ ಹಾಗೆ ಚರಂಡಿಗೆ ಬಿಡಲಿಕ್ಕೆ
ನನ್ನ ಕೈಗೆ ಆ ವಾಲ್ವ್ ತಿರುಗುವುದಿಲ್ಲ.

ಹಾಗಾದರೆ ಜುಲೈಯಲ್ಲಿ, ಅಂತ ನೀವು,
ಮಳೆಯೇ ತುಂಬಿಸುತ್ತದೆ, ಖರ್ಚಿಲ್ಲ ಅಂತ.
ಜುಲೈಯಲ್ಲಂತೂ ಬೇಡವೇ ಬೇಡ.
ನಾನು ನೇತ್ರಾವತಿಯಲ್ಲಿ ಹೊಯಿಗೆಗೆ ಮುಳುಗುತ್ತಿದ್ದವ,
ನೀರು ಮೇಲಿನಿಂದ ಒತ್ತುವುದು ಗೊತ್ತಿತ್ತು.
ಕೆಳಗಿನಿಂದ ಒತ್ತುವುದನ್ನು ಸುರತ್ಕಲ್ಲಿನಲ್ಲಿ ಕಂಡೆ.
ಆಟಿ ತಿಂಗಳು. ಯಾರೋ ಖಾಲಿ ಮಾಡಿಟ್ಟ ಕೊಳ.
ಮುರಕಲ್ಲಿನ ಸಂದಿ ಸಂದಿಯಲ್ಲಿ ತುಂಬಿದ ನೀರು
ರಾತ್ರೋರಾತ್ರಿ ಎತ್ತಿತು ಅದನ್ನು, ಇಡೀ ತೊಟ್ಟಿಯನ್ನು, ಒಂದು ಗೇಣು.
ಬೆಳಿಗ್ಗೆ ನೋಡಿದರೆ ಟೈಲೆಲ್ಲ ಒಡೆದ ಹಲ್ಲು, ಏಣಿ ವಾರೆ,
ದೋಣಿಯಾಗಲಿಕ್ಕೆ ಹೊರಟು
ಅರ್ಧದಲ್ಲಿ ಬೇಡ ಅನಿಸಿದ ಹಾಗೆ.
ಆವತ್ತು ತಿಳಿಯಿತು:
ಕೊಳವನ್ನು ನೆಲಕ್ಕೆ ಒತ್ತಿ ಹಿಡಿದಿರುವುದು
ಅದರ ಹೊಟ್ಟೆಯ ನೀರೇ. ಹಳತಾದರೂ.

ಮಳೆಗಾಲದಲ್ಲಿ ತುಂಬಿ ಚೆಲ್ಲಿದಷ್ಟು ಚೆಲ್ಲಲಿ,
ಅಷ್ಟು ನಮ್ಮ ಪುಣ್ಯ.

ಮತ್ತೆ ಯಾವಾಗ?
ದೀಪಾವಳಿ ಕಳೆದು, ಹಿಂದಿನ ಬಾವಿಯಲ್ಲಿ
ಎರಡು ರಿಂಗು ಕಂಡ ಮೇಲೆ.
ಅದೂ ಒಮ್ಮೆಗೇ ಅಲ್ಲ, ಮೂರರಲ್ಲಿ ಒಂದು ಪಾಲು,
ಕ್ಲೋರಿನ್ ಪೂರ್ತಿ ಸತ್ತ ಮೇಲೆ, ತೆಂಗಿನ ಬುಡಕ್ಕೆ.
ಜನವರಿಯಲ್ಲಿ ಇನ್ನೊಂದು ಪಾಲು.
ಹಾಗೆ ಮಾಡಿದರೆ ಪೂರ್ತಿ ಹೊಸತು ಯಾವತ್ತೂ ಆಗುವುದಿಲ್ಲ.
ಅದನ್ನು ರಿಪೋರ್ಟಿನ ಯಾವ ಕಾಲಮ್ಮಿಗೆ ಬರೆಯುತ್ತೀರೋ,
ನಿಮಗೆ ಬಿಟ್ಟದ್ದು.

ಅಲ್ಲಿಯವರೆಗೆ ಮೈ ತೊಳೆದು ಇಳಿಯಲಿಕ್ಕೆ ಹೇಳಿ,
ಎಣ್ಣೆ ತಲೆಯವರಿಗೆ ಟೊಪ್ಪಿ ಕೊಡಿ.
ಮತ್ತೆ, ಆ ಹಳದಿ ಬರುವ ಹನಿ,
ಬಾಟ್ಲಿಯ ತಳ ಕಾಣ್ತಾ ಉಂಟು.
ನಾಳೆಯೇ ತರಿಸಿ.
ಮೂಗಿನಲ್ಲಿ ಹೇಳಬಹುದು ನಾನು, ಆದರೆ
ನನ್ನ ಮೂಗನ್ನು ಕಮಿಟಿಯಲ್ಲಿ ಯಾರು ನಂಬುತ್ತಾರೆ?