ಡ್ರಾಯರಿನಲ್ಲಿ ಮಾವಿನಹಣ್ಣು

ಹಾಸನದ ಬಿ.ಎಂ. ರಸ್ತೆ, ಕನ್ನಡಕದಂಗಡಿಯ ಮಹಡಿ ಮೇಲೆ
ಹತ್ತಡಿಗೆ ಹನ್ನೆರಡರ ನನ್ನ ಆಫೀಸು.
ಹತ್ತುವಾಗ ಏದುಸಿರು, ಹತ್ತಿದವರಿಗೆ ಬ್ಯಾಂಕಾಕು.

ಕೊಣನೂರು ಕಡೆಯಿಂದ ಹನ್ನೊಂದು ಜನ ಬಂದರು.
ರಾಮನಾಥಪುರದ ಹರಾಜಿನಲ್ಲಿ ಈ ಸಲ
ಹೊಗೆಸೊಪ್ಪಿಗೆ ಒಳ್ಳೇ ರೇಟು ಸಿಕ್ಕಿತ್ತು.
ಬೆರಳಿಗೆ ಇನ್ನೂ ಎಲೆಯ ಅಂಟು, ಜೇಬಿನಲ್ಲಿ ಹೊಸ ಪಾಸ್‌ಪೋರ್ಟು.
ಥಾಯ್ಲೆಂಡು ನಾಲ್ಕು ರಾತ್ರಿ, ಸಿಂಗಪುರ ಮೂರು.

ಪಟ್ಟಿ ಓದಿದೆ. ವರ್ಷಕ್ಕೆ ಇಪ್ಪತ್ತು ಸಲ ಓದುವ ಪಟ್ಟಿ.
ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ,
ಗಸಗಸೆ ಮನೆಯಲ್ಲೇ ಇರಲಿ,
ಸಿಂಗಪುರಕ್ಕೆ ಚ್ಯೂಯಿಂಗ್ ಗಮ್ಮೂ ಬೇಡ.
'ಅಗಿಯೋದಕ್ಕೂ ಕಾನೂನಾ ತಾಯಿ?' ಅಂದರು ಪುಟ್ಟತಾಯಮ್ಮ.
ಕೊನೆಯ ಸಾಲು ಬರುವ ಹೊತ್ತಿಗೆ ಅರ್ಧ ಜನಕ್ಕೆ ಆಕಳಿಕೆ:
ವೇಪು, ಇ-ಸಿಗರೇಟು, ಅದರ ರಸ, ಅದರ ಬಿಡಿಭಾಗ,
ಎರಡೂ ದೇಶದಲ್ಲಿ ನಿಷೇಧ. ಸಿಕ್ಕರೆ ದಂಡ.
ದಂಡದ ಮುಂದೆಯೂ ಒಂದು ಪದ ಇದೆ, ಅದನ್ನು ಮೆಲ್ಲಗೆ ಓದುತ್ತೇನೆ.

'ಅದೆಂಥದ್ದು?' ಅಂದರು ಹೊನ್ನೇಗೌಡರು.
ಮೂವತ್ತೆಂಟು ವರ್ಷ ಬ್ಯಾರನ್ನಿಗೆ ಬೆಂಕಿ ಹಾಕಿದವರು,
ಎಲೆ ಹಳದಿಗೆ ತಿರುಗುವ ಬಿಸಿಯನ್ನು ಅಂಗೈಯಲ್ಲಿ ಅಳೆಯುವವರು,
ಒಂದು ದಿನವೂ ಬೀಡಿ ಕಚ್ಚದವರು.
'ಸಿಗರೇಟಿನ ಹಾಗೇ ಗೌಡ್ರೆ. ಬೆಂಕಿ ಇಲ್ಲ, ಎಲೆ ಇಲ್ಲ. ಬರೀ ಆವಿ.'
'ಎಲೆ ಇಲ್ವಾ!' ನಗು ತಡೆಯಲಾಗಲಿಲ್ಲ ಅವರಿಗೆ.
'ಎಲೆ ಬೆಳೆಯೋ ನಮಗೆ ಲೈಸೆನ್ಸು,
ಬೋರ್ಡಿನ ನಂಬರು, ಬೇಲಿಗೊಂದು ಚೀಟಿ.
ಎಲೆ ಇಲ್ಲದ್ದಕ್ಕೆ ಜೈಲಾ?'

ಎಲ್ಲರೂ ನಕ್ಕರು. ಮೂಲೆಯ ಕುರ್ಚಿಯಲ್ಲಿ
ಅವರ ಅಳಿಯ ಯತೀಶ ಮಾತ್ರ ಅಂಗಿಯ ಜೇಬು ಮುಟ್ಟಿಕೊಂಡ,
ನೂಕುನುಗ್ಗಲ ಬಸ್ಸಿನಲ್ಲಿ ಪರ್ಸು ಮುಟ್ಟಿಕೊಳ್ಳುವ ಹಾಗೆ.

ಎಲ್ಲರೂ ಇಳಿದ ಮೇಲೆ ಅವನೊಬ್ಬ ಮರಳಿ ಬಂದ.
ಸೂಟ್‌ಕೇಸಿನ ಅಡಿಯಲ್ಲಿ ಇಟ್ಟರೆ?
ಬೇಡ, ಬ್ಯಾಟರಿ.
ಕೈಚೀಲದಲ್ಲಿ?
ಹತ್ತುವ ವಿಮಾನವೂ ಒಪ್ಪದು, ಇಳಿಯುವ ನೆಲವೂ ಒಪ್ಪದು.
ಅಲ್ಲಾ ಮೇಡಂ, ನಮ್ಮಲ್ಲಿ ಹೀಗೆಲ್ಲ ಇಲ್ಲವಲ್ಲ?
ಇದೆ ಯತೀಶ. ಮಾರುವಂತಿಲ್ಲ, ತರಿಸುವಂತಿಲ್ಲ.
ಕಾನೂನು ಬಂದು ಎಷ್ಟೋ ವರ್ಷವಾಯಿತು.

ನಿಜಕ್ಕೂ ಬೆಚ್ಚಿದ. ವಿದೇಶದ ನಿಯಮ ಕೇಳಲು ಬಂದವನಿಗೆ
ಊರಿನದೇ ಗೊತ್ತಿರಲಿಲ್ಲ.
'ಮಾವನಿಗೆ ಹೇಳಬೇಡಿ' ಎಂದು
ನನ್ನ ಪೆನ್ನಿನ ಲೋಟದಲ್ಲಿ ಅದನ್ನು ನಿಲ್ಲಿಸಿ ಹೋದ.
ನೀಲಿಯದು. ಯಾರಾದರೂ ಅದರಲ್ಲಿ ವೀಸಾ ಅರ್ಜಿ ತುಂಬಲು ಹೊರಡಬಹುದಿತ್ತು.

ಡ್ರಾಯರಿಗೆ ಹಾಕಿದೆ, ಮಿಕ್ಕುಳಿದ ಪಾಸ್‌ಪೋರ್ಟ್ ಫೋಟೊಗಳ ಜೊತೆ.
ಬಿಳಿ ಗೋಡೆಗೆ ಬೆನ್ನು ಕೊಟ್ಟು ನಗದೆ ಕೂತ ಮುಖಗಳೆಲ್ಲ
ಈಗ ಮಾವಿನಹಣ್ಣಿನ ವಾಸನೆ.
ಜನವರಿಯಲ್ಲಿ!
ಕಸದ ಗಾಡಿ ಹಾಡುತ್ತ ಬರುತ್ತದೆ, ಹಸಿ ಕಸ, ಒಣ ಕಸ.
ಬಕೆಟ್ಟು ಹಿಡಿದು ಇಳಿಯುತ್ತೇನೆ, ಇದನ್ನು ಬಿಟ್ಟು ಇಳಿಯುತ್ತೇನೆ.

ಆರನೇ ದಿನ ಸಿಂಗಪುರದಿಂದ ಒಂದು ಫೋಟೊ.
ರಸ್ತೆ ಬದಿ ನೆಲಕ್ಕೆ ಬಳಿದ ಹಳದಿ ಚೌಕ,
ಸೇದುವವರು ಅದರೊಳಗೇ ನಿಂತು ಸೇದಬೇಕು.
ಸುತ್ತ ನಾಲ್ಕೈದು ಜನ ಸೇದುತ್ತಿದ್ದಾರೆ, ನಡುವೆ ಹೊನ್ನೇಗೌಡರು
ಬರಿಗೈ ಹಿಂದೆ ಕಟ್ಟಿಕೊಂಡು,
ಬ್ಯಾರನ್ನಿನ ಬಾಗಿಲಲ್ಲಿ ನಿಂತ ಹಾಗೆ ಮೂಗು ಅರಳಿಸಿ.
ಕೆಳಗೆ ಅವರ ದನಿ:
'ಎಲೆ ವಾಸನೆ ಗುರ್ತು ಸಿಕ್ತು ಕಣವ್ವ.
ನಮ್ದೋ ಯಾರ್ದೋ. ಇಲ್ಲಿಗಂಟ ಬಂದು
ಗೆರೆ ದಾಟದೆ ನಿಂತದೆ ನೋಡು.'
ಗೆರೆಯಾಚೆ ಯತೀಶ, ಉಗುರು ಕಚ್ಚುತ್ತ.

ನಾಳೆ ಬೇಲೂರಿನ ಹೊಸ ಜೋಡಿ ಬರುತ್ತದೆ, ಪುಕೆಟ್ಟಿಗೆ.
ಕೊನೆಯ ಸಾಲನ್ನು ಈಗ ಮೊದಲು ಓದುತ್ತೇನೆ,
ಬೆರಳಿಟ್ಟು, ಕಣ್ಣಲ್ಲಿ ಕಣ್ಣಿಟ್ಟು,
ಮೊಣಕಾಲಿನಿಂದ ಡ್ರಾಯರನ್ನು
ಒತ್ತಿ ಹಿಡಿದು.