ಆಪರೇಟರ್ ಪ್ಯಾರೇಜಾನ್ ಹೇಳಿದ್ದು

ಶಿಡ್ಲಘಟ್ಟದಲ್ಲಿ ರೀಲು ಅಂದರೆ ಎರಡು, ಸ್ವಾಮಿ.
ಒಂದು ಗೂಡಿನಿಂದ ಬಿಚ್ಚೋದು,
ಇನ್ನೊಂದು ಟೆಂಟಿನಲ್ಲಿ ನಾನು ಸುತ್ತುತ್ತಿದ್ದದ್ದು.
ಮೂರನೆಯದು ಟೀ ಅಂಗಡಿ ಮುಂದೆ ಬಿಡೋದು,
ಅದು ನನಗೆ ಬರಲ್ಲ.

ಮುನೀಂದ್ರ ಅಂತ ನೀವೆಲ್ಲ ಕರೆಯೋರು
ನಮ್ಮ ಬೀದಿಯ ಪಿಳ್ಳಮುನಿಯಪ್ಪ.
ಪೋಸ್ಟರಿಗೆ ಉದ್ದವಾಯ್ತು ಅಂತ ಮದ್ರಾಸಿನಲ್ಲಿ ಯಾರೋ
ಮುಂದಿನ ಪಿಳ್ಳನ್ನ ಕಿತ್ತು, ಹಿಂದಿನ ಅಪ್ಪನ್ನ ಕಿತ್ತು,
ಉಳಿದ ಮುನಿಗೆ ಇಂದ್ರನ್ನ ಅಂಟಿಸಿದರು.

ಮುಖ ಒಳ್ಳೆಯದೇ. ಆದರೆ ಹೀರೋಗಿಂತ ಒಂದು ಗೇಣು ಎತ್ತರ,
ಅದಕ್ಕೇ ಇವನು ಬೇಗ ಸಾಯಬೇಕಿತ್ತು.
ಅಣ್ಣನಾಗಿ ಸತ್ತ, ಇನ್ಸ್‌ಪೆಕ್ಟರಾಗಿ ಸತ್ತ,
ಇಂಟರ್‌ವಲ್ಲಿಗೆ ಮುಂಚೆ ಆದರೆ ಗುಂಡು,
ಆಮೇಲಾದರೆ ಕ್ಷಯ.
ಐವತ್ತು ವರ್ಷ, ಇನ್ನೂರ ಹನ್ನೊಂದು ಸಿನಿಮಾ,
ಹಾಡು ಎರಡೇ.
ಎರಡರಲ್ಲೂ ಮಂಚದ ಮೇಲೆ ಮಲಗಿದ್ದಾನೆ.

ಅವರಮ್ಮ ಅಕ್ಕಯಮ್ಮ
ಕುದಿಯೋ ನೀರಿಗೆ ಬೆರಳದ್ದಿ ಎಳೆ ಹುಡುಕೋಳು.
ಬೆಂದು ಬೆಂದು, ಹೆಬ್ಬೆಟ್ಟು ಒತ್ತಿದರೆ
ಕಾಗದದ ಮೇಲೆ ಗೆರೆಯೇ ಮೂಡದು.
ಮಗನ ಸಿನಿಮಾ ಬಂದ ಮೊದಲ ಶುಕ್ರವಾರ
ನೆಲದ ಟಿಕೆಟ್ಟು, ಮುಂದಿನ ಸಾಲು.
ಸೀರೆ ತುಂಬ ಬೆಂದ ಹುಳದ ವಾಸನೆ.
ನಮ್ಮೂರಲ್ಲಿ ಆ ವಾಸನೆಗೆ ಯಾರೂ ಸರಿದು ಕೂರಲ್ಲ.

ಮೊದಲ ಸಲ ಅವನಿಗೆ ಗುಂಡು ಬಿದ್ದಾಗ
ಎದ್ದು ಪರದೆ ತನಕ ಓಡಿದಳು.
ಅವಳ ನೆರಳು ಮಗನ ಎದೆ ಮೇಲೆ,
ರಕ್ತ ಅವಳ ಬೆನ್ನ ಮೇಲೆ.
ಹಿಡಿದು ಜಗ್ಗಿದಳು.
ಪರದೆ ಹೊಲಿಸೋಕೆ ಹದಿನಾಲ್ಕು ರೂಪಾಯಿ ಆಯ್ತು.

ಆಮೇಲಿಂದ, ಅವಳು ಬರೋ ಆಟಕ್ಕೆ ಮುಂಚೆ,
ಬ್ಲೇಡು, ಅಂಟು ಇಟ್ಕೊಂಡು ಕೂತು
ಸಾವಿನಷ್ಟು ಉದ್ದ ಅಳೆದು ಕತ್ತರಿಸ್ತಿದ್ದೆ.
ಮುನೀಂದ್ರ ಬಾಗಿಲ ತನಕ ಹೋಗ್ತಾನೆ. ಅಷ್ಟೇ.
ಮುಂದಿನ ಸೀನಿನಲ್ಲಿ ಹೀರೋ ಗಡ್ಡ ಬಿಟ್ಟುಕೊಂಡು ಅಳ್ತಾನೆ,
ಯಾಕೆ ಅಂತ ಟೆಂಟಿಗೇ ಗೊತ್ತಿಲ್ಲ.
ಬೆಂಚಿನವರು ಲೇ ಆಪರೇಟರ್ ಅಂತ
ಕಡಲೆಕಾಯಿ ಸಿಪ್ಪೆ ಎಸೆಯೋರು.
ಅಕ್ಕಯಮ್ಮ ಮಾತ್ರ ಕ್ಯಾಬಿನ್ನಿನ ಕೆಳಗೆ ನಿಂತು
"ಯಾಡಿಕಿ ಪೋಯಿನಾಡ್ರಾ ನಾ ಕೊಡುಕು?" ಅನ್ನೋಳು.
ಎಲ್ಲಿಗೆ ಹೋದ? ಊರಿಗೆ ಹೋಗವ್ನೆ, ಬರ್ತಾನೆ ಅನ್ನೋನು ನಾನು.

ಮಾರನೇ ದಿನ ಮತ್ತೆ ಅಂಟಿಸಬೇಕಿತ್ತು.
ಒಂದೊಂದು ಸಲ ಮರೆತೆ.
ಒಂದೊಂದು ಸಲ ಮರೆತೆ ಅಂದುಕೊಂಡೆ.

ಸರ್ಕಾರಿ ಆಸ್ಪತ್ರೆಯಲ್ಲಿ ಅವಳು ಕೊನೆ ದಿನ ಎಣಿಸೋವಾಗ
ಅವನು ಊಟಿಯಲ್ಲಿ ಸಾಯ್ತಾ ಇದ್ದ,
ಮೂರು ದಿನದ ಕಾಲ್‌ಶೀಟು.
ನನ್ನ ಕೈ ಹಿಡಿದು ಅಂದಳು:
ದಿನಕ್ಕೆ ಸಾವಿರ ಸಲ ಎಳೆ ಹರಿದು ಗಂಟು ಹಾಕೋಳು ನಾನು,
ನೀನು ಎಲ್ಲಿ ಅಂಟಿಸಿದೆ ಅಂತ ನನಗೆ ತಿಳಿಯಲ್ವೇನೋ, ಪ್ಯಾರೇ?
ಸ್ವಲ್ಪ ಹೊತ್ತು ಬಿಟ್ಟು,
ಗಂಟು ಚೆನ್ನಾಗಿತ್ತು, ಅಂದಳು.

ಹೋದ ತಿಂಗಳು ಬಂದಿದ್ದ. ಎಂಬತ್ತೊಂದು.
ಪುರಸಭೆಯವರ ಶಾಲು ಹೆಗಲಲ್ಲೇ ಇತ್ತು,
ಪೇಟ ಕಂಕುಳಲ್ಲಿ.
ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದೆ.
ಮುಚ್ಚಳ ತೆಗೆದರೆ ಹುಳಿ ವಾಸನೆ,
ಸಾವುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು
ಬೆಲ್ಲದಚ್ಚಿನ ಹಾಗೆ.
ಬಿಡಿಸಿದ ಒಂದು ತುಂಡನ್ನ ಕಿಟಕಿಗೆ ಹಿಡಿದ,
ಕನ್ನಡಕ ಹಣೆಗೇರಿಸಿ:
ಇದು ಗುಂಡು... ಇದು ಕ್ಷಯಾನೋ, ವಿಷಾನೋ?
ನಕ್ಕ. ನಗು ಕೆಮ್ಮಾಯ್ತು.
ನಟನೆಯೋ ನಿಜವೋ ತಿಳಿಯದೆ
ನೀರು ಕೊಟ್ಟೆ.

ಇದರಲ್ಲಿ ಯಾವುದು ಚೆನ್ನಾಗಿ ಬಂದಿತ್ತೋ? ಅಂತ ಕೇಳಿದ.
ನಾನೆಲ್ಲಿ ನೋಡಿದೆ, ಸ್ವಾಮಿ,
ನನ್ನ ಕಣ್ಣು ಕಾರ್ಬನ್ ಕಡ್ಡಿ ಮೇಲೆ,
ಬೆಳಕು ಕಮ್ಮಿ ಆಗಬಾರದಲ್ಲ.
ಬಾಗಿಲ ತನಕ ನಡೆಯೋದು, ಅಂದೆ,
ಅದನ್ನ ನಿನ್ನಂಗೆ ಯಾರೂ ಮಾಡಲಿಲ್ಲ.

ಡಬ್ಬಿ ಇಲ್ಲೇ ಬಿಟ್ಟ. ಟೀ ಅರ್ಧ ಕುಡಿದ.
ಹೊಸಿಲಲ್ಲಿ ಚಪ್ಪಲಿ ಹುಡುಕೋಕೆ
ಕೊಂಚ ಹೊತ್ತಾಯ್ತು.