ರವಿಕೆ ತಡವಾದದ್ದಕ್ಕೆ

ಟೀಚರೇ, ನಿಮ್ಮ ಹಸಿರು ರೇಷ್ಮೆ ತುಂಡು
ಸಂಕ್ರಾಂತಿಗೆ ಬೇಕೆಂದು ಕೊಟ್ಟದ್ದು.
ಈಗ ಆಷಾಢ.
ಮೂರು ಸಲ ಬಂದು, ಮುಚ್ಚಿದ ಶಟರು ನೋಡಿ
ಪೆನ್ಷನ್ ಮೊಹಲ್ಲಾದ ಬಿಸಿಲಲ್ಲಿ ವಾಪಸು ನಡೆದಿದ್ದೀರಿ.
ನನ್ನ ಗಂಡ ಹೇಳಿದ್ದು: ಕರೆಂಟಿಲ್ಲ, ನೆಂಟರ ಮದುವೆ, ವೈರಲ್ ಜ್ವರ.
ಒಂದೂ ನಿಜವಲ್ಲ.

ಹಾಸನದ ಚಳಿಗೆ ನಾಯಿಗಳು ಬೂದಿಯಲ್ಲಿ ಮುದುಡಿದ್ದ ವಾರ
ನನಗೆ ಮಾತ್ರ ಸ್ವೆಟರು ಬೇಡ, ನಿದ್ದೆ ಬೇಡ.
ರಾತ್ರಿ ಎರಡಕ್ಕೆ ಕೂತರೆ
ಹಾಲಿನವನು ಬರುವಷ್ಟರಲ್ಲಿ ಹನ್ನೊಂದು ರವಿಕೆ.
ಕೂಲಿ ಕೇಳಲಿಲ್ಲ. ನಿಮ್ಮ ರೇಷ್ಮೆ ಕತ್ತರಿಸಿದೆ,
ಅಷ್ಟರಲ್ಲಿ ಇನ್ನೂ ದೊಡ್ಡದೊಂದು ಹೊಳೆಯಿತು:
ಜಿಲ್ಲೆಯ ಅಷ್ಟೂ ಶಾಲೆಗೆ ಯೂನಿಫಾರಂ ನಾನೇ!
ಸಂಘದ ಸಾಲದಲ್ಲಿ ಆರು ಮಿಷನ್ನು ಬಂದವು,
ಜಾಗವಿಲ್ಲದೆ ಎರಡು ಬಚ್ಚಲಲ್ಲಿ ನಿಂತವು.
ಸುಳ್ಳು ಹೇಳಲಾರೆ, ಚೆನ್ನಾಗಿತ್ತು.
ಸೂಜಿಯ ಕಣ್ಣು ಬಾಗಿಲಷ್ಟು ಅಗಲ,
ದಾರ ತಾನಾಗೇ ನಡೆದು ಒಳಗೆ ಹೋಗುತ್ತಿತ್ತು.
ನಿಧಾನ ಅಂದವರ ಮೇಲೆ ಕತ್ತರಿ ಎಸೆದೆ.
ಒಂದು ಸಲ ಮಗಳ ಕಿವಿ ಪಕ್ಕ ಹಾದು ಗೋಡೆಗೆ ಬಡಿಯಿತು.
ಅದೊಂದು ಚೆನ್ನಾಗಿರಲಿಲ್ಲ.

ಶಿವರಾತ್ರಿ ಹೊತ್ತಿಗೆ
ಬಾಬಿನ್ನಿನ ದಾರ ಮುಗಿದ ಹಾಗೆ;
ಮೇಲೆ ಸೂಜಿ ಓಡುತ್ತದೆ, ಬಟ್ಟೆ ಕೂಡುವುದಿಲ್ಲ.
ಆಮೇಲೆ ಸೂಜಿಯೂ ಓಡಲಿಲ್ಲ.
ಪೆಡಲಿನ ಮೇಲೆ ಕಾಲಿಟ್ಟು ಕೂತರೆ ಸಂಜೆ.
ತಲೆ ಬಾಚಿಕೊಳ್ಳುವುದೆಂದರೆ ಬೇಲೂರಿನ ತನಕ ನಡೆದಷ್ಟು ದೂರ.
ಓರಗಿತ್ತಿ ಕೊಬ್ಬು ಅಂದಳು,
ಅತ್ತೆ ಗಾಳಿ ಅಂದರು, ತಾಯಿತ ಕಟ್ಟಿದರು,
ಕೊನೆಗೆ ಸಾಲದ ಪುಸ್ತಕ ಮುಂದಿಟ್ಟು
“ಉಪ್ಪು ತಿಂದೋಳು ನೀರು ಕುಡೀಲೇಬೇಕು” ಅಂದರು.

ಕಂಡುಹಿಡಿದದ್ದು ಯಾರು ಗೊತ್ತೆ?
ಕಟ್ಟಿನಕೆರೆ ಮಾರ್ಕೆಟ್ಟಿನ ಗುಂಡಿ-ದಾರದ ದಸ್ತಗೀರಣ್ಣ.
ಬಾಕಿ ಕೇಳಲು ಬಂದವನು ಖಾತೆ ಬಿಡಿಸಿ ಬೆರಳಿಟ್ಟ:
ಜನವರಿಯ ಒಂದೇ ವಾರ ನಲವತ್ತು ಡಜನ್ ಹುಕ್ಕು,
ಶಿವರಾತ್ರಿಯಿಂದೀಚೆ ಒಂದು ರೀಲೂ ಇಲ್ಲ.
ಹೋದ ವರ್ಷವೂ ಹೀಗೇ. ಅದರ ಹಿಂದಿನದೂ.
“ನನ್ನ ತಮ್ಮನ ಲೆಕ್ಕವೂ ಹೀಗೇ ಇತ್ತು, ತಾಯಿ.”
ಬಾಕಿ ಮರೆತು, ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟ:
ದೊಡ್ಡಾಸ್ಪತ್ರೆ, ಮನೋರೋಗ ವಿಭಾಗ,
ಎಂಟೂವರೆಗೇ ಹೋಗಿ, ಕ್ಯೂ ಇರುತ್ತೆ.

ಡಾಕ್ಟರಮ್ಮ ಚಿಕ್ಕ ಹುಡುಗಿ.
ಅಳುವಿನ ಕಥೆ ಪೂರ್ತಿ ಕೇಳಿ, ಪೆನ್ನು ಕೆಳಗಿಟ್ಟು,
“ತುಂಬಾ ಖುಷಿಯಾಗಿದ್ದ ದಿನ ಇದ್ದವಾ?” ಅಂದಳು.
ಖುಷಿಯನ್ನು ಯಾರಾದರೂ ಆಸ್ಪತ್ರೆಗೆ ತರುತ್ತಾರಾ?
ಗಂಡ ನೆಲ ನೋಡಿದ.
ನಾನು ಬಚ್ಚಲಿನ ಮಿಷನ್ನುಗಳ ಕಥೆ ಹೇಳಿದೆ.
ಬೈಪೋಲಾರ್, ಅಂದಳು. ಏರಿದ್ದೂ ಇಳಿದದ್ದೂ ಒಂದೇ ಕಾಯಿಲೆಯಂತೆ.
ಮಾತ್ರೆ ಲಿಥಿಯಂ. ಅದೂ ಒಂದು ಉಪ್ಪೇ,
ನೀರು ಚೆನ್ನಾಗಿ ಕುಡೀಬೇಕು.

ನಕ್ಕುಬಿಟ್ಟೆ, ಎಷ್ಟೋ ತಿಂಗಳ ಮೇಲೆ:
ಅತ್ತೆಯ ಗಾದೆ, ಆಸ್ಪತ್ರೆ ಚೀಟಿಯಲ್ಲಿ!
ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು,
ಈ ನಗು ಯಾವ ಕಡೆಯದೆಂದು.
ಈಗ ಮನೆಯಲ್ಲೂ ಹಾಗೇ ನೋಡುತ್ತಾರೆ, ನಾನು ನಕ್ಕಾಗಲೆಲ್ಲ.
ನೋಡಲಿ. ನಾನೂ ನೋಡಿಕೊಳ್ಳುತ್ತೇನೆ.

ಆಗಾಗ ರಕ್ತ ಕೊಟ್ಟು ಬರುತ್ತೇನೆ.
ಕೈ ಸ್ವಲ್ಪ ನಡುಗುತ್ತದೆ, ದಾರ ಪೋಣಿಸಲು ಮೂರು ಸಲ.
ನಿಮ್ಮ ಎಡತೋಳು ಬಿಚ್ಚಿ ಮತ್ತೆ ಹೊಲಿದೆ,
ಬೆಳಕಿಗೆ ಹಿಡಿದರೆ ಹಳೇ ತೂತುಗಳು ಕಂಡಾವು.
ಮೊದಲಾಗಿದ್ದರೆ ಮುಚ್ಚಿಡುತ್ತಿದ್ದೆ.
ಒಂಬತ್ತೂವರೆಗೆ ದೀಪ ಆರಿಸುತ್ತೇನೆ,
ಶ್ರಾವಣದ ಮದುವೆಯ ಅರ್ಜೆಂಟಾದರೂ ಸರಿ.

ಶುಕ್ರವಾರ ಬನ್ನಿ.
ಲೈನಿಂಗ್ ಸೇರಿ ಮುನ್ನೂರೈವತ್ತು.
ಇಷ್ಟು ಕಾಯಿಸಿ ಕೂಲಿ ಕೇಳಲು ನಾಚಿಕೆ, ಆದರೂ ಕೇಳುತ್ತೇನೆ.
ಇನ್ನು ಮುಂದೆ ಯಾವತ್ತಾದರೂ
ದುಡ್ಡು ಬೇಡ ತಗೊಂಡು ಹೋಗಿ ಅಂದೆನಾದರೆ
ರವಿಕೆ ಇಲ್ಲೇ ಬಿಟ್ಟು
ನನ್ನ ಮಗಳಿಗೊಂದು ಫೋನು ಮಾಡಿ.